ಆಣೆಯ ಮರುದಿನ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಕುಡಿತ ಬಿಡುವ ಪದ್ಧತಿ ಕುಡಿತದಷ್ಟೇ ಹಳೆಯದು. ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ಶೆರೆ ಮುಟ್ಟದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಬಿಡುತ್ತಾರೆ. ಸವಣೂರಿನಲ್ಲಿ ರಂಜಾನಿನ ಚಂದ್ರ ಕಂಡ ರಾತ್ರಿಯಿಂದ ಬಾಟಲಿಯ ಕಡೆ ತಿರುಗಿ ನೋಡದವರನ್ನು ನಾನು ಬಲ್ಲೆ. ದೇವರಗುಡ್ಡದ ಮಾಲತೇಶನ ಭಂಡಾರ ಹಿಡಿದು ಆಣೆ ಮಾಡಿದವರಿದ್ದಾರೆ. ಮಗನ ತಲೆ ಮುಟ್ಟಿ ಹೇಳಿದವರು, ಮಠದ ಅಜ್ಜಾರ ಪಾದಕ್ಕೆ ಬಿದ್ದು ಮಾತು ಕೊಟ್ಟವರು ಲೆಕ್ಕವಿಲ್ಲದಷ್ಟು ಮಂದಿ. ಬಿಡುವ ಗಳಿಗೆಗೆ ದೇವರಿದ್ದ, ಗುರುವಿದ್ದ, ಸಾಕ್ಷಿಗೆ ನಾಲ್ಕು ಜನ ಹಿರಿಯರಿದ್ದರು. ಮರುದಿನ ಹೊತ್ತು ಮುಳುಗಿ, ಕೈ ನಡುಗತೊಡಗಿದಾಗ ಬಿಟ್ಟವನ ಮಗ್ಗುಲಲ್ಲಿ ಯಾರಿದ್ದರು? ನಮ್ಮ ಭಾಗದ ಕುಡಿತದ ಚರಿತ್ರೆಯನ್ನು ನಾನು ಈ ಒಂದು ಪ್ರಶ್ನೆ ಹಿಡಿದುಕೊಂಡು ನೋಡುತ್ತ ಬಂದಿದ್ದೇನೆ.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಜನರ ಬಾಯಲ್ಲಿ ನರ್ಸಬಾಯಿ. ಬಾಣಂತಿಯ ಮನೆಗೆ, ಕೂಸಿನ ಲಸಿಕೆಗೆ ಎಂದು ಒಳಮನೆಯವರೆಗೂ ಹೋಗುವವರು ನಾವು. ಗಂಡಸರು ಕಟ್ಟೆಯ ಮೇಲೆ ಹೇಳದ್ದನ್ನು ಹೆಂಗಸರು ನಮಗೆ ಅಡುಗೆಮನೆಯಲ್ಲಿ ಹೇಳುತ್ತಿದ್ದರು. ತಾಯಿ ಕಾರ್ಡಿನಲ್ಲಿ ರಕ್ತಹೀನತೆ ಎಂದು ನಾನು ಬರೆಯುತ್ತಿದ್ದೆ. ಆದರೆ ಆ ಮನೆಯ ಕೂಲಿ ದುಡ್ಡು ವಾರದ ಸಂತೆಗೆ ಹೋಗದೆ ಎಲ್ಲಿಗೆ ಹೋಗುತ್ತಿದೆ ಎಂದು ಬರೆಯಲು ಆ ಕಾರ್ಡಿನಲ್ಲಿ ಜಾಗ ಇರಲಿಲ್ಲ. ಹಿರೇಕೆರೂರು ಕಡೆಯ ನನ್ನ ಸೋದರಮಾವ ಪ್ರತಿ ಶ್ರಾವಣ ಬಿಡುತ್ತಿದ್ದ, ಗಣಪತಿ ಕಳಿಸಿದ ರಾತ್ರಿ ಮತ್ತೆ ಹಿಡಿಯುತ್ತಿದ್ದ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ಅವನ ಆಣೆಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಆಣೆ ಮಾಡಿಸಿದವರೆಲ್ಲ ಊಟ ಮುಗಿಸಿ ತಂತಮ್ಮ ಮನೆಗೆ ಹೋಗುತ್ತಿದ್ದರು. ಮಾವ ಒಬ್ಬನೇ ಉಳಿಯುತ್ತಿದ್ದ.

ಹಳೆಯ ಕಾಲದಿಂದ ಶುರುಮಾಡುತ್ತೇನೆ. ಈಗ ಹಾವೇರಿ ಜಿಲ್ಲೆಯಲ್ಲಿರುವ ನಮ್ಮ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳು ಮಾತ್ರ ನವಾಬರ ಸಂಸ್ಥಾನವಾಗಿದ್ದು, 1948ರಲ್ಲಿ ಪ್ರಾಂತಕ್ಕೆ ಸೇರಿದವು. ಹಳ್ಳಿಯವರು ಕುಡಿಯುತ್ತಿದ್ದುದು ಈಚಲ ಮರದ ಸಿಂದಿ ಮತ್ತು ಭಟ್ಟಿ ಇಳಿಸಿದ ಸಾರಾಯಿ. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಸಿಂದಿ ಇಳಿಸುವುದಕ್ಕೆ, ಭಟ್ಟಿ ಹಚ್ಚುವುದಕ್ಕೆ, ಅಂಗಡಿ ಇಡುವುದಕ್ಕೆ ಎಲ್ಲದಕ್ಕೂ ಸರ್ಕಾರದ ಲೈಸೆನ್ಸು ಬೇಕಾಯಿತು. ಅಂಗಡಿಗಳು ಹರಾಜಾಗತೊಡಗಿದವು. ಹೆಚ್ಚು ದುಡ್ಡು ಕೂಗಿದವನಿಗೆ ಅಂಗಡಿ ಸಿಕ್ಕರೆ, ಹಾಕಿದ ದುಡ್ಡು ಎತ್ತಲು ಅವನು ಹೆಚ್ಚು ಜನಕ್ಕೆ ಕುಡಿಸಲೇಬೇಕು. ಊರಿನ ಕುಡಿತಕ್ಕೂ ಸರ್ಕಾರದ ಬೊಕ್ಕಸಕ್ಕೂ ಅಂದು ಬಿದ್ದ ಗಂಟು ಇಂದಿಗೂ ಬಿಚ್ಚಿಲ್ಲ.

ಗಾಂಧೀಜಿ ಆ ಗಂಟಿಗೇ ಕೈಹಾಕಿದರು. 1930ರ ಜನವರಿಯಲ್ಲಿ ಅವರು ವೈಸ್‌ರಾಯ್ ಇರ್ವಿನ್ ಮುಂದಿಟ್ಟ 11 ಬೇಡಿಕೆಗಳಲ್ಲಿ ಮೊದಲನೆಯದೇ ಸಂಪೂರ್ಣ ಪಾನನಿಷೇಧ. ಉಪ್ಪಿನ ಸತ್ಯಾಗ್ರಹದ ಜತೆಗೆ ಶೆರೆ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಆ ಕೆಲಸವನ್ನು ಗಾಂಧೀಜಿ ವಿಶೇಷವಾಗಿ ಹೆಂಗಸರಿಗೆ ಒಪ್ಪಿಸಿದ್ದರು. ಕನ್ನಡ ನಾಡಿನಲ್ಲಿ ಈಚಲ ಮರ ಕಡಿಯುವುದೇ ಒಂದು ಸತ್ಯಾಗ್ರಹವಾಯಿತು. ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ಮೋಟೆಬೆನ್ನೂರಿನ ಮೈಲಾರ ಮಹಾದೇವ ದಂಡಿಯ ನಡಿಗೆಯಲ್ಲಿ ಗಾಂಧೀಜಿಯ ಜತೆ ಹೆಜ್ಜೆ ಹಾಕಿ ಬಂದವರು. ಅಂಥವರ ಗಾಳಿ ಈ ಹಳ್ಳಿಗಳಲ್ಲಿ ಬೀಸಿತ್ತು. ಮರ ಕಡಿದರೆ ಸಿಂದಿ ಹೋಗುತ್ತದೆ, ಅಂಗಡಿ ಮುಚ್ಚಿದರೆ ಕುಡಿತ ನಿಲ್ಲುತ್ತದೆ ಎಂಬ ಆ ಹಿರಿಯರ ನಂಬಿಕೆ ಪ್ರಾಮಾಣಿಕವಾದದ್ದು. ಅಂಗಡಿ ಮುಚ್ಚಿಸಲು ಅವರು ಜೈಲಿಗೂ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ನಂಬಿಕೆ ಕಾಯ್ದೆಯಾಯಿತು. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಪ್ರಕಾರ 1950ರ ಏಪ್ರಿಲ್‌ನಿಂದ ಇಡೀ ಪ್ರಾಂತದಲ್ಲಿ ಕುಡಿತ ಅಪರಾಧವಾಯಿತು. ನಮ್ಮ ತಂದೆ ಆಗ ತಲಾಠಿ. ಆ ಕಾಲದ ಮಾತು ಅವರು ತುಂಬ ಹೇಳುತ್ತಿದ್ದರು. ಹಳ್ಳದ ದಂಡೆಯಲ್ಲಿ, ಕಬ್ಬಿನ ಗದ್ದೆಯ ನಡುವೆ ಕಳ್ಳಭಟ್ಟಿ ಹತ್ತಿಕೊಂಡವು. ಕೊಳೆತ ಬೆಲ್ಲ, ಜಾಲಿ ತೊಗಟೆ, ನವಸಾಗರ ಹಾಕಿ ಕೊಡದಲ್ಲಿ ಹುಳಿ ಬರಿಸಿ ನೆಲದಲ್ಲಿ ಹೂಳುತ್ತಿದ್ದರು. ಫೌಜದಾರರು ಬರುವ ಸುದ್ದಿ ಅವರ ಕುದುರೆಗಿಂತ ಮೊದಲು ಊರು ಮುಟ್ಟುತ್ತಿತ್ತು. ಉಳ್ಳವರು ಡಾಕ್ಟರ ಚೀಟಿ ತಂದು, ಆರೋಗ್ಯದ ಕಾರಣ ಹೇಳಿ ಪರ್ಮಿಟ್ ಪಡೆಯುತ್ತಿದ್ದರು. ಸಿಕ್ಕಿಬಿದ್ದು ಹಿರೇಕೆರೂರು ಕೋರ್ಟಿಗೆ ಹೋಗುತ್ತಿದ್ದವರು ಬಡವರು, ಅವರಲ್ಲೂ ತಾಂಡಾದವರು, ಕೇರಿಯವರು. ದಂಡ ಕಟ್ಟಿದವನು ಮನೆಗೆ ಬಂದು ಮತ್ತೆ ಕುಡಿಯುತ್ತಿದ್ದ. ಅವನಿಗೆ ಇದೊಂದು ಕಾಯಿಲೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕೆಂದು ಕಾಯ್ದೆಯಲ್ಲೂ ಇರಲಿಲ್ಲ.

ಇದಕ್ಕೂ ಮೊದಲೇ, ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯಲ್ಲಿ 1937ರ ಅಕ್ಟೋಬರ್ 1ರಂದು ರಾಜಾಜಿ ಪಾನನಿಷೇಧ ತಂದಾಗ ಇನ್ನೊಂದು ವಿಚಾರವನ್ನೂ ಮಾಡಿದ್ದರು. ಸಿಂದಿ ಅಂಗಡಿ ಮುಚ್ಚಿದರೆ ಕೂಲಿಯವನು ಸಂಜೆ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಚಹದ ಅಂಗಡಿ, ಆಟ, ಭಜನೆ ಇವನ್ನೆಲ್ಲ ಊರೂರಿನಲ್ಲಿ ಏರ್ಪಡಿಸುವ ಪ್ರಯತ್ನ ನಡೆಯಿತು. ಸಂಜೆಯ ಹೊತ್ತು ಮುಖ್ಯ ಎಂದು ತಿಳಿದ ಆಡಳಿತಗಾರರು ಬಹಳ ಕಡಿಮೆ, ರಾಜಾಜಿಗೆ ಅದು ತಿಳಿದಿತ್ತು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ಮತ್ತೆ ಹರಾಜು, ಮತ್ತೆ ಅಂಗಡಿ. ನಾನು ನೌಕರಿಗೆ ಸೇರುವ ಹೊತ್ತಿಗೆ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಹೊಲಕ್ಕೆ ಹೋಗುವ ಹಾದಿಯ ಬದಿಗೆ ಹರಿದ ಪ್ಯಾಕೆಟ್ಟುಗಳು ಬಿದ್ದಿರುತ್ತಿದ್ದವು. ಮೂಲೆ ಕಚ್ಚಿ ಹರಿದು ನಿಂತಲ್ಲೇ ಕುಡಿದು ಎಸೆದು ಹೋಗುವಷ್ಟು ಸುಲಭವಾಗಿತ್ತು ಅದು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಆ ಮಳೆಗಾಲದಲ್ಲಿ ನಾನು ಹೋದ ಮನೆಗಳಲ್ಲಿ ಹೆಂಗಸರ ಮುಖದ ಮೇಲೆ ಇದ್ದ ಸಮಾಧಾನ ನನಗೆ ಚೆನ್ನಾಗಿ ನೆನಪಿದೆ. ಸ್ವಲ್ಪ ಕಾಲದಲ್ಲಿ ಅಗ್ಗದ ವಿಸ್ಕಿ, ರಮ್ಮು ಆ ಜಾಗಕ್ಕೆ ಬಂದವು, ಬರಬರುತ್ತ 90 ಮಿಲಿಯ ಕಾಗದದ ಪ್ಯಾಕೆಟ್ಟಿನಲ್ಲೇ ಬಂದವು. ಕುಡಿಯುವವನು ಮೊದಲಿಗಿಂತ ಹೆಚ್ಚು ದುಡ್ಡು ಕೊಟ್ಟು ಕುಡಿಯತೊಡಗಿದ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋಗಿ ಮದ್ಯ ನಿಷೇಧ ಕೇಳಿದ್ದು ಸುಮ್ಮನೆ ಅಲ್ಲ. ಅವರ ಕೂಗಿಗೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ಅಂಗಡಿ ಮುಚ್ಚುವ ದಿನಕ್ಕಾಗಿ ಕಾಯುತ್ತ ಕೂತರೆ, ಈ ವಾರ ಬಿಡಬೇಕೆಂದಿರುವವನ ಕಥೆ ಏನು?

ಆ ಒಬ್ಬನ ಹತ್ತಿರ ಹೋದವರಲ್ಲಿ ಮೊದಲು ನೆನೆಯಬೇಕಾದವರು ಇಳಕಲ್ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಊರೂರು ತಿರುಗಲು ಶುರುಮಾಡಿದರು. ಜೋಳಿಗೆಗೆ ಜೋಳ ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಎಂದು ಕೇಳಿದರು. ಬೀಡಿ ಕಟ್ಟು, ತಂಬಾಕಿನ ಚೀಲ, ಬಾಟಲಿಗಳು ಅದರೊಳಗೆ ಬಿದ್ದವು. ಮಹಾಂತ ಜೋಳಿಗೆ ಎಂದು ನಾಡಿನಲ್ಲೆಲ್ಲ ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡಿದವನು ಮಠದ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದ ಕಾಲದಲ್ಲಿ ಸ್ವಾಮಿಗಳೇ ಅವನ ಮನೆಯ ಮುಂದೆ ಬಂದು ಬೇಡಿದರು. ಆಚೆ ದಬ್ಬಿಸಿಕೊಂಡವನಿಗೆ ಅದು ಎಷ್ಟು ದೊಡ್ಡ ಮರ್ಯಾದೆ! ಬಿಡುವುದಕ್ಕೆ ಮೊದಲು ಬೇಕಾದದ್ದು ಆ ಮರ್ಯಾದೆಯೇ ಎಂದು ನನ್ನ ನೌಕರಿಯ ಅನುಭವ ಹೇಳುತ್ತದೆ. ಆಣೆ ಮಾಡಿಸಿ ಗದರಿಸಿ ಹೋಗುವುದಕ್ಕೂ ಬೇಡುವುದಕ್ಕೂ ಬಹಳ ಅಂತರವಿದೆ.

ಇನ್ನೊಂದು ದಾರಿ ಸಮುದ್ರದಾಚೆ ಹುಟ್ಟಿತ್ತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ದಲ್ಲಾಳಿ ವ್ಯವಹಾರಕ್ಕೆಂದು ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತಷ್ಟೆ. ವ್ಯವಹಾರ ಕೆಟ್ಟಿತು. ಹೋಟೆಲಿನ ಮೊಗಸಾಲೆಯ ಒಂದು ಬದಿಗೆ ಬಾರು, ಇನ್ನೊಂದು ಬದಿಗೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ನಡೆದ. ಚರ್ಚುಗಳಿಗೆ ಫೋನು ಮಾಡಿ, ನನ್ನ ಹಾಗೆಯೇ ಕುಡಿತದಲ್ಲಿ ನರಳುವವನೊಬ್ಬನ ಜತೆ ಮಾತಾಡಬೇಕು ಎಂದು ಕೇಳಿದ. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್. ಕಾಲು ಗಂಟೆ ಸಾಕು ಎಂದುಕೊಂಡು ಬಂದ ಡಾಕ್ಟರು ರಾತ್ರಿಯವರೆಗೂ ಮಾತಾಡುತ್ತ ಕೂತರು. ಆ ಜೂನ್ 10ರ ನಂತರ ಅವರು ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನ ಎನ್ನುತ್ತಾರೆ. ಬಿಟ್ಟವನು ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋದದ್ದು ಮೊದಲು ತಾನು ಉಳಿಯಬೇಕೆಂದು. ಆ ಸಂಸ್ಥೆಯ ಜೀವ ಇರುವುದು ಇದರಲ್ಲಿ. ಅಲ್ಲಿ ಉಪದೇಶ ಮಾಡುವವರಿಲ್ಲ, ಫೀ ಇಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದಿದ್ದರೆ ಸದಸ್ಯ. ಹೆಸರು ಹೊರಗೆ ಹೋಗದು. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. 1951ರಲ್ಲಿ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಸಭೆ ಶುರುವಾಯಿತು. 1957ರ ಹೊತ್ತಿಗೆ ಈ ಪದ್ಧತಿ ಭಾರತಕ್ಕೂ ಬಂತು. 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ವರದಿಯೂ ಇದಕ್ಕೆ ಬಲ ಕೊಟ್ಟಿದೆ. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಇಂಥ ಸಭೆಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ ಎಂದು ಅದು ಹೇಳಿತು.

ನಮ್ಮ ತಾಲ್ಲೂಕುಗಳಿಗೆ ಇದು ಹುಬ್ಬಳ್ಳಿಯವರೆಗೆ ಬಂದು ನಿಂತಂತಿತ್ತು. ಶಿಗ್ಗಾವಿಯವನಾದರೆ ಹೆದ್ದಾರಿಯ ಬಸ್ಸು ಹತ್ತಿ ಸಂಜೆ ಸಭೆಗೆ ಹೋಗಿ ಬರಬಹುದು. ಹಾನಗಲ್ಲಿನ ಆಚೆಯ ಹಳ್ಳಿಯವನಿಗೆ ಸಭೆ ಮುಗಿಯುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಗರದಲ್ಲಿ ಹೆಸರು ಮುಚ್ಚಿಡಬಹುದು. ನಮ್ಮ ಹಳ್ಳಿಯಲ್ಲಿ ಯಾವನು ಎಲ್ಲಿ ಬಿದ್ದಿದ್ದ, ಯಾರು ಎತ್ತಿ ತಂದರು ಎಂಬುದು ಬೆಳಗಾಗುವುದರೊಳಗೆ ಭಾವಿ ಕಟ್ಟೆಗೆ ಗೊತ್ತಿರುತ್ತದೆ. ಬಿದ್ದದ್ದು ಊರಿಗೆಲ್ಲ ಗೊತ್ತಿರುವಾಗ ಎದ್ದದ್ದನ್ನು ಮಾತ್ರ ಯಾಕೆ ಮುಚ್ಚಿಡಬೇಕು?

ಆ ಪ್ರಶ್ನೆಗೆ ಉತ್ತರ ಕರಾವಳಿಯಿಂದ ಬಂತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಶುರುಮಾಡಿದರು. ರೈತರಿಗೆ ಕೊಟ್ಟ ನೆರವು ಕುಡಿತದಲ್ಲಿ ಸೋರಿಹೋಗುವುದನ್ನು ಕಂಡು, 1990ರ ದಶಕದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಜನಜಾಗೃತಿಯ ಕೆಲಸ ಹುಟ್ಟಿತು. ಊರಲ್ಲೇ ಮದ್ಯವರ್ಜನ ಶಿಬಿರ, ಶಿಬಿರದ ನಂತರ ಬಿಟ್ಟವರದೇ ಒಂದು ನವಜೀವನ ಸಮಿತಿ. ಈ ಕ್ರಮ ಘಟ್ಟ ಹತ್ತಿ ನಮ್ಮ ಹಾವೇರಿ ಜಿಲ್ಲೆಗೂ ಬಂತು. ಯೋಜನೆಯ ಸ್ವಸಹಾಯ ಸಂಘಗಳ ಹೆಂಗಸರ ಮೂಲಕ ಬಂತು ಎನ್ನುವುದು ಹೆಚ್ಚು ಸರಿ. ವಾರದ ಸಂಘದಲ್ಲಿ ಕಂತು ಕಟ್ಟಲಾಗದೆ ಅತ್ತವಳು, ತನ್ನ ಗಂಡನ ಹೆಸರು ಶಿಬಿರಕ್ಕೆ ಬರೆಸಿದಳು.

ಶಿಬಿರ ಎಂಟು ದಿನದ್ದು. ಊರಿನ ಹಿರಿಯರು ಸೇರಿ ವ್ಯವಸ್ಥಾಪನಾ ಸಮಿತಿ ಮಾಡುತ್ತಾರೆ. ಕಲ್ಯಾಣ ಮಂಟಪ ಇಲ್ಲವೇ ಸಮುದಾಯ ಭವನ ಗೊತ್ತಾಗುತ್ತದೆ. ಅಕ್ಕಿ, ಬೇಳೆ, ತರಕಾರಿ ಊರಿನಿಂದ. ಹೆಂಗಸರು ರೊಟ್ಟಿ ಬಡಿದು ಬುಟ್ಟಿ ತುಂಬ ತಂದು ಇಳಿಸುವುದನ್ನು ನೋಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಆ ಗಂಡಸರಿಂದಲೇ ಪೆಟ್ಟು ತಿಂದವರು. ಬೆಳಿಗ್ಗೆ ವ್ಯಾಯಾಮ, ಯೋಗ, ಆಮೇಲೆ ಡಾಕ್ಟರರ, ಮನೆ ಸರಿಮಾಡಿಕೊಂಡವರ ಮಾತು, ಗುಂಪು ಚರ್ಚೆ, ಸಂಜೆ ಭಜನೆ. ನಡುವೆ ಒಂದು ದಿನ ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಅಂದು ಆ ಭವನದಲ್ಲಿ ಅಳದವರನ್ನು ನಾನು ಕಂಡಿಲ್ಲ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಡಾಕ್ಟರ ಜತೆ ಬಿಪಿ, ಸಕ್ಕರೆ ನೋಡಲು ನಾವೂ ಹೋಗುತ್ತಿದ್ದೆವು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಮೈ ಬೆವೆತು, ಇಲ್ಲದ ಹುಳ ಕಂಡು, ಗೋಡೆಯ ಜತೆ ಮಾತಾಡುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಹಿಂದೆ ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಬಡಿದದ್ದು, ಆಣೆ ಮುರಿದದ್ದಕ್ಕೆ ದೇವರು ಮುನಿದದ್ದು ಎಂದುಕೊಳ್ಳುತ್ತಿದ್ದರು. ಅದು ನಿಂತ ಮದ್ಯಕ್ಕೆ ಮೆದುಳು ಕೊಡುವ ಉತ್ತರ. ಬಿ1 ಜೀವಸತ್ವದ ಇಂಜೆಕ್ಷನ್ನು, ನರ ಶಾಂತ ಮಾಡುವ ಮಾತ್ರೆ, ಡಾಕ್ಟರ ನಿಗಾ ಇದ್ದರೆ ಉಳಿಯುವ ಜೀವ ಅದು. ಹಿಂದೆ ಫಿಟ್ಸ್ ಬಂದವರನ್ನು, ಕಾಮಾಲೆ ಇರುವವರನ್ನು ಮೊದಲು ಆಸ್ಪತ್ರೆಗೆ ಕಳಿಸಬೇಕು, ಆಮೇಲೆ ಶಿಬಿರ. ಗಂಡನಿಗೆ ಗೊತ್ತಿಲ್ಲದೆ ಅನ್ನದಲ್ಲಿ ಬೆರೆಸುವ ಪುಡಿಯ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡ ತಾಯಂದಿರು ನಮ್ಮಲ್ಲಿ ಬಹಳ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್‌ನಂಥ ಔಷಧ ಇರಬಹುದು, ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ.

ಎಂಟನೆಯ ದಿನ ಬೀಳ್ಕೊಡುಗೆ. ಶಿಬಿರಾರ್ಥಿಗಳು ಮೆರವಣಿಗೆಯಲ್ಲಿ ಊರೊಳಗೆ ಬರುತ್ತಾರೆ, ವೇದಿಕೆಯ ಮೇಲೆ ಹೆಸರು ಕೂಗಿ ಹಾರ ಹಾಕುತ್ತಾರೆ. ಏಕ್ರನ್ನಿನಲ್ಲಿ ಹೆಸರು ಮುಚ್ಚಿಟ್ಟರು, ಇಲ್ಲಿ ಹೆಸರು ಎತ್ತಿ ಹೇಳಿದರು. ಎರಡೂ ತಂತಮ್ಮ ಊರಿಗೆ ಸರಿಯೇ. ಅಷ್ಟಕ್ಕೇ ಮುಗಿದಿದ್ದರೆ ಇದೂ ನಮ್ಮ ಹಳೆಯ ಆಣೆಗಳ ಪಟ್ಟಿಗೆ ಸೇರುತ್ತಿತ್ತು. ಇದನ್ನು ಬೇರೆ ಮಾಡಿದ್ದು ಮುಂದಿನ ವಾರ. ನವಜೀವನ ಸಮಿತಿ ವಾರಕ್ಕೊಮ್ಮೆ ಕೂಡುತ್ತದೆ. ನೂರು ದಿನ ತುಂಬಿದಾಗ ಶತದಿನೋತ್ಸವ, ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ.

ಹಾನಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಥ ಸಭೆಗೆ ನನ್ನನ್ನು ಕರೆದಿದ್ದರು. ಶಾಲೆಯ ಕೋಣೆ, ಹಾಸಿದ ಜಮಖಾನೆ. ಗಾರೆ ಕೆಲಸದವರು, ಭತ್ತ ಬೆಳೆಯುವವರು, ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಇನ್ನೂ ಮೀಸೆ ಬಲಿಯದ ಒಬ್ಬ ಹುಡುಗ. ಮೊದಲು ಒಂದು ಭಜನೆ. ಆಮೇಲೆ ಹಾಜರಿ ಹಿಡಿದಂತೆ ಒಬ್ಬೊಬ್ಬರೂ ಈ ವಾರ ಹೇಗೆ ಹೋಯಿತು ಎಂದು ಹೇಳಬೇಕು. ಒಬ್ಬರು ಎದ್ದು ಹೇಳಿದರು: “ನಾ ಆಣಿ ಭಾಳ ಸಲ ಮಾಡೇನ್ರಿ ಅಕ್ಕಾರ. ಮುರದಾಗೊಮ್ಮೆ ದೇವರಿಗೆ ತಪ್ಪಕಾಣಿಕಿ ಹಾಕೇನಿ. ದೇವರು ಸುಮ್ನ ತೊಗೊಂಡ. ಇವ್ರು ಬಿಡೂದಿಲ್ರಿ, ಒಂದ್ ವಾರ ಬರಲಿಲ್ಲಂದ್ರ ಮನಿ ಮುಂದ ಬಂದ್ ನಿಂದರತಾರ.” ಮಗಳ ಮದುವೆಯಲ್ಲಿ ಬೀಗರು ಕುಡಿಯಲು ಒತ್ತಾಯ ಮಾಡಿದಾಗ ಏನು ಮಾಡಬೇಕೆಂದು ಇನ್ನೊಬ್ಬರು ಕೇಳಿದರು. ಅದರ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಇಬ್ಬರು ಅವರ ಜತೆ ಮದುವೆಗೆ ಹೋಗುವುದೆಂದು ಗೊತ್ತಾಯಿತು. ಯಾವ ಔಷಧದ ಅಂಗಡಿಯಲ್ಲೂ ಸಿಗದ ಚಿಕಿತ್ಸೆ ಇದು ಎಂದು ನನಗೆ ಆಗ ಅನ್ನಿಸಿತು.

ಇಂಥ ಕೂಟ ನಮ್ಮ ನೆಲಕ್ಕೆ ಹೊಸದೇನಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸುತ್ತ ಇಂದಿಗೂ ವಾರದ ಭಜನೆಯಲ್ಲಿ ಶರೀಫಜ್ಜನ ತತ್ವಪದ ಹಾಡುತ್ತಾರೆ. ಜಾತಿ ಕೇಳದೆ ಕೂಡುವ ಆ ರಾತ್ರಿಗಳು ಎಷ್ಟೋ ಕುಡುಕರನ್ನು ಅಂಗಡಿಯಿಂದ ದೂರ ಇಟ್ಟಿವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವ ಮಾರಯ್ಯನೂ ಶರಣರ ನಡುವೆ ಕೂತು ವಚನ ಹೇಳಿದವನು. ಅವನ ಕಸುಬು ಕೇಳಿ ಯಾರೂ ಎಬ್ಬಿಸಲಿಲ್ಲ. ಕೂತು, ತನ್ನ ಬದುಕನ್ನು ತಾನೇ ಬಾಯಿಬಿಟ್ಟು ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ ಎನ್ನುವುದು ಕನ್ನಡದ ಹಳೆಯ ಸಂಪತ್ತು. ನವಜೀವನ ಸಮಿತಿಯಲ್ಲಿ ನನಗೆ ಆ ಸಂಪತ್ತೇ ಕಂಡಿತು.

ಹೊಸದಾಗಿ ಬಿಡಬೇಕೆಂದಿರುವವರು ಎಲ್ಲಿಗೆ ಹೋಗಬೇಕು ಎಂದು ನನ್ನನ್ನು ಇಂದಿಗೂ ಕೇಳುತ್ತಾರೆ. ಊರಿನ ಸ್ವಸಹಾಯ ಸಂಘದ ಹೆಂಗಸರನ್ನು ಕೇಳಿ, ಹತ್ತಿರದ ನವಜೀವನ ಸಮಿತಿ ಎಲ್ಲಿ ಕೂಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ ಎನ್ನುತ್ತೇನೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ವಿಚಾರಿಸಿಕೊಂಡು ಹೋಗಿ ಎನ್ನುತ್ತೇನೆ. ಕೈ ನಡುಕ, ಸನ್ನಿ ಜೋರಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹಿಂದೆ ಅದು ಹುಚ್ಚಾಸ್ಪತ್ರೆ ಎಂದು ಹೆದರಿಸುತ್ತಿದ್ದ ಜಾಗ. 19ನೆಯ ಶತಮಾನದಲ್ಲಿ ಶುರುವಾದ ಆ ಆಸ್ಪತ್ರೆಯಲ್ಲಿ ಈಗ ಚಟ ಬಿಡಿಸುವ ಚಿಕಿತ್ಸೆ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ 14416 ನಂಬರಿಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟೆಲ್ಲ ಇದ್ದೂ ತಲುಪಿದವರು ಕಡಿಮೆ. ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ನಮ್ಮ ಓಣಿಯಲ್ಲೇ ಇದ್ದಾರೆ.

ಸಭೆಗಳಲ್ಲಿ ನನಗೆ ಕಂಡ ಕೊರತೆಗಳನ್ನೂ ಹೇಳಬೇಕು, ಪ್ರೀತಿಯಿಂದಲೇ ಹೇಳುತ್ತೇನೆ. ಮೊದಲನೆಯದು ಹೆಂಗಸರದು. ಕುಡಿಯುವ ಹೆಂಗಸರು ನಮ್ಮಲ್ಲೂ ಇದ್ದಾರೆ. ಮೈಮುರಿಯುವ ಕೂಲಿಯ ನೋವಿಗೆ ಹಚ್ಚಿಕೊಂಡವರು ಅವರಲ್ಲಿ ಹಲವರು. ಅವರಿಗೆ ಶಿಬಿರವೂ ಇಲ್ಲ, ಸಭೆಯೂ ಇಲ್ಲ. ಗಂಡಸು ಬಿಟ್ಟರೆ ಹಾರ ಹಾಕುವ ಊರು ಹೆಂಗಸು ಬಿಟ್ಟೆ ಎಂದರೆ ಮೊದಲು ಕುಡಿಯುತ್ತಿದ್ದಳಲ್ಲ ಎಂದು ಆಡಿಕೊಳ್ಳುತ್ತದೆ. ಅವರಿಗೆ ಹಾರ ಬೇಡ, ಬಾಗಿಲು ಹಾಕಿಕೊಂಡು ಕೂಡುವ ಸಭೆ ಬೇಕು. ಹೆಸರು ಮುಚ್ಚಿಡುವ ಆ ದೂರದ ಪದ್ಧತಿ ನಮ್ಮ ಹೆಂಗಸರಿಗೇ ಹೆಚ್ಚು ಹೊಂದುತ್ತದೆ. ಎರಡನೆಯದು ಧರ್ಮದ್ದು. ಭಜನೆಯಿಂದ ಶುರುವಾಗುವ ಸಭೆಗೆ ಬರಲು ಸವಣೂರಿನ ಎಷ್ಟೋ ಮುಸಲ್ಮಾನ ಹುಡುಗರು ಹಿಂದೆಮುಂದೆ ನೋಡುತ್ತಾರೆ. ಕುಡಿಯುವುದೇ ಪಾಪವಾದ್ದರಿಂದ ಮನೆಯಲ್ಲಿ ಬಾಯಿಬಿಡುವಂತೆಯೂ ಇಲ್ಲ. ಅವರು ನಿಶ್ಚಿಂತೆಯಿಂದ ಬಂದು ಕೂಡುವ ಜಾಗ ಆಗಬೇಕು. ಮೂರನೆಯದು ಜಾರಿದವನದು. ಮತ್ತೆ ಕುಡಿದವನು ನಾಚಿಕೊಂಡು ಸಭೆ ಬಿಡುತ್ತಾನೆ, “ಮತ್ತ ಹಚ್ಚ್ಯಾನಂತ” ಎಂದು ಊರು ಷರಾ ಬರೆದುಬಿಡುತ್ತದೆ. ಮಲೇರಿಯಾ ಮರುಕಳಿಸಿದ ರೋಗಿಗೆ ನಾವು ಯಾರೂ ಬೈಯುವುದಿಲ್ಲ, ಮತ್ತೆ ಗುಳಿಗೆ ಕೊಡುತ್ತೇವೆ. ಸಭೆ ಯಾರಿಗಾದರೂ ಬೇಕಿದ್ದರೆ ಮೊದಲು ಬೇಕಾದದ್ದು ಜಾರಿದವನಿಗೆ.

ಈ ನಾಲ್ಕು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತೇವೆ. ಸಂಜೆ ಬೀಗ ಬಿದ್ದ ಮೇಲೆ ಅವು ಖಾಲಿ. ವಾರದಲ್ಲಿ ಒಂದು ಸಂಜೆ ಆ ಕೋಣೆ ಬಿಟ್ಟವರಿಗೆ ಸಿಗಲಿ, ಇನ್ನೊಂದು ಸಂಜೆ ಅವರ ಮನೆಯವರಿಗೆ ಸಿಗಲಿ. ಬೇಕಾದದ್ದು ಒಂದು ದೀಪ, ಜಮಖಾನೆ, ಕುಡಿಯುವ ನೀರು. ಆಶಾ ಕಾರ್ಯಕರ್ತೆಗೆ ಆ ಸಂಜೆ ಯಾವುದೆಂದು ಗೊತ್ತಿರಲಿ, ತಾಲ್ಲೂಕು ಆಸ್ಪತ್ರೆಯ ಚೀಟಿಯ ಹಿಂದೆ ಅದು ಬರೆದಿರಲಿ. ಅಬಕಾರಿಯಿಂದ ಬರುವ ದುಡ್ಡಿನ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು.

1878ರಿಂದ ಇಲ್ಲಿಯವರೆಗೆ ನಮ್ಮ ಭಾಗದವರು ಕುಡಿತಕ್ಕೆ ಕಾಯ್ದೆ ನೋಡಿದ್ದಾರೆ, ಹರಾಜು ನೋಡಿದ್ದಾರೆ, ಸತ್ಯಾಗ್ರಹ, ನಿಷೇಧ, ಮತ್ತೆ ಹರಾಜು, ಮತ್ತೆ ನಿಷೇಧ ಎಲ್ಲ ನೋಡಿದ್ದಾರೆ. ಪ್ರತಿಸಲವೂ ದೊಡ್ಡವರು ಅಂಗಡಿಯ ಕಡೆ ನೋಡಿದರು, ಮನುಷ್ಯನ ಕಡೆ ನೋಡಿದವರು ಬೆರಳೆಣಿಕೆಯಷ್ಟು. ಬಿಡುವುದು ಒಬ್ಬನ ಕೆಲಸ, ಬಿಟ್ಟು ಉಳಿಯುವುದು ಊರಿನ ಕೆಲಸ. ಈ ಶ್ರಾವಣದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಬಿಟ್ಟಿದ್ದರೆ, ಮಾಸ ಮುಗಿಯುವ ಮೊದಲೇ ಅವರನ್ನು ಒಂದು ಸಭೆಗೆ ಕರೆದೊಯ್ಯಿರಿ. ಊರಿನಲ್ಲಿ ಸಭೆ ಇಲ್ಲದಿದ್ದರೆ, ಬಿಟ್ಟವರು ಇಬ್ಬರಿದ್ದರೂ ಸಾಕು, ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿ. 1935ರಲ್ಲಿ ಏಕ್ರನ್ನಿನಲ್ಲಿ ಕೂತವರೂ ಇಬ್ಬರೇ.